ಸಕ್ಕರೆ ಕಾಯಿಲೆ ಇರುವವರು ಆರೋಗ್ಯ ವಿಮೆಯ ಕಂಪನಿ ಬದಲಿಸಿದರೆ ಏನಾಗುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 62. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. 2018ರ ಫೆಬ್ರವರಿ 10ರಂದು ನನಗೂ ಪತ್ನಿಗೂ ಸೇರಿಸಿ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದೆ. 2023ರ ನವೀಕರಣದಲ್ಲಿ ಅದನ್ನು 10 ಲಕ್ಷಕ್ಕೆ ಏರಿಸಿದೆ. ಒಂದು ವರ್ಷವೂ ಕಂತು ತಪ್ಪಿಸಿಲ್ಲ. ನನ್ನ ಸಕ್ಕರೆ ಕಾಯಿಲೆಯನ್ನು ಫಾರಂನಲ್ಲಿ ಬರೆಸಿದ್ದೇನೆ. ಆದರೆ ಪತ್ನಿ 2016ರಿಂದ ಬಿಪಿ ಮಾತ್ರೆ ನುಂಗುತ್ತಿರುವ ವಿಷಯವನ್ನು ‘ಅದೆಲ್ಲ ಬರೆಯುವುದು ಬೇಡ ಸಾರ್’ ಎಂದು ಆಗಿನ ಏಜೆಂಟರು ಬಿಟ್ಟುಬಿಟ್ಟರು. ಕಳೆದ ವರ್ಷ ತೆರಿಗೆ ಸೇರಿ 41,300 ರೂಪಾಯಿ ಕಟ್ಟಿದ್ದೆ. ಈಗ ತೆರಿಗೆ ತೆಗೆದಿದ್ದಾರೆ ಎನ್ನುತ್ತಾರೆ, ಆದರೂ 42,000 ರೂಪಾಯಿಯ ನೋಟಿಸು ಬಂದಿದೆ. ಬೇರೊಂದು ಕಂಪನಿಯ ಏಜೆಂಟರು, ನಿಯಮಗಳು ಬದಲಾಗಿವೆ, ನಮ್ಮಲ್ಲಿಗೆ ಬನ್ನಿ, 25 ಲಕ್ಷದ ಪಾಲಿಸಿ ಕೊಡುತ್ತೇವೆ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಬರುತ್ತದೆ ಎನ್ನುತ್ತಿದ್ದಾರೆ. ಮಗನ ಕಂಪನಿಯ ಗುಂಪು ವಿಮೆಯಲ್ಲೂ ನಮ್ಮ ಹೆಸರಿದೆ. ಬದಲಿಸುವುದು ಒಳ್ಳೆಯದೇ?

ಉತ್ತರ: ನೀವು ಕೊಟ್ಟಿರುವ ದಿನಾಂಕಗಳನ್ನು ಇಟ್ಟುಕೊಂಡು ನೋಡಿದರೆ, 2026ರ ಫೆಬ್ರವರಿಯಲ್ಲಿ ಹಳೆಯ ಪಾಲಿಸಿಯನ್ನೇ ನವೀಕರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಿಯಮಗಳು ಬದಲಾಗಿರುವುದು ನಿಜ, ಮತ್ತು ಬಹುಪಾಲು ನಿಮ್ಮಂಥವರಿಗೆ ಅನುಕೂಲವಾಗುವಂತೆಯೇ ಬದಲಾಗಿವೆ. ಆದರೆ ಆ ಅನುಕೂಲವನ್ನು ಪಡೆಯಲು ನೀವು ಕಂಪನಿ ಬದಲಿಸಬೇಕಾಗಿಲ್ಲ. ಅದು ನಿಮ್ಮ ಹಳೆಯ ಪಾಲಿಸಿಗೂ ಬಂದಾಗಿದೆ, ಮತ್ತು ಎಂಟು ವರ್ಷ ಬಿಡದೆ ಕಟ್ಟಿಕೊಂಡು ಬಂದವರಿಗೆ ಅಲ್ಲಿಯೇ ಅದರ ಬೆಲೆ ಹೆಚ್ಚು.

ಬದಲಾದದ್ದು ಏನು ಎಂಬುದನ್ನು ಮೊದಲು ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಏಪ್ರಿಲ್ 1ರಿಂದ ಹೊಸ ನಿಯಮಾವಳಿಯನ್ನು ಜಾರಿಗೆ ತಂದಿತು. ಅದಕ್ಕೂ ಮೊದಲು, ಪಾಲಿಸಿ ಮಾಡಿಸುವಾಗಲೇ ಇದ್ದ ಕಾಯಿಲೆಗೆ ಗರಿಷ್ಠ 48 ತಿಂಗಳು ಹಣ ಕೊಡದಿರಲು ಕಂಪನಿಗಳಿಗೆ ಅವಕಾಶವಿತ್ತು. ಈಗ ಆ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ‘ಮೊದಲೇ ಇದ್ದ ಕಾಯಿಲೆ’ ಎಂದು ಯಾವುದನ್ನು ಕರೆಯಬೇಕೆಂಬುದನ್ನೂ ಬಿಗಿಗೊಳಿಸಿ, ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಪತ್ತೆ ಹಚ್ಚಿದ, ಇಲ್ಲವೇ ಸಲಹೆ ಅಥವಾ ಚಿಕಿತ್ಸೆ ನೀಡಿದ ಕಾಯಿಲೆ ಮಾತ್ರ ಎಂದು ಹೇಳಲಾಯಿತು. ಪ್ರತಿದಿನ ಮಾತ್ರೆ ತೆಗೆದುಕೊಳ್ಳುವವರಿಗೆ ಈ ವ್ಯಾಖ್ಯೆಯಿಂದ ಏನೂ ವ್ಯತ್ಯಾಸವಿಲ್ಲ, ಏಕೆಂದರೆ ಅವರ ಚಿಕಿತ್ಸೆ ನಿಂತೇ ಇಲ್ಲ. ಎಂದೋ ಬಂದು ವಾಸಿಯಾಗಿ, ನಾಲ್ಕೈದು ವರ್ಷಗಳಿಂದ ಔಷಧಿಯ ಗೊಡವೆಯೇ ಇಲ್ಲದವರಿಗೆ ಮಾತ್ರ ಅದು ಪ್ರಯೋಜನಕಾರಿ.

ಮೂರನೆಯ ಬದಲಾವಣೆಯನ್ನು ಮಾರಾಟ ಮಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದೇ ಮುಖ್ಯ. ಇದನ್ನು ಮೊರಟೋರಿಯಂ ಅವಧಿ ಎನ್ನುತ್ತಾರೆ. ಒಬ್ಬ ವ್ಯಕ್ತಿ ನಿಗದಿತ ಕಾಲ ನಿರಂತರವಾಗಿ ವಿಮೆಯಲ್ಲಿದ್ದ ಮೇಲೆ, ‘ನೀವು ಆಗ ಇಂಥದ್ದನ್ನು ತಿಳಿಸಿರಲಿಲ್ಲ’ ಎಂಬ ಕಾರಣ ಮುಂದಿಟ್ಟು ಕಂಪನಿಯು ಪಾಲಿಸಿಯನ್ನಾಗಲಿ ಕ್ಲೇಮನ್ನಾಗಲಿ ತಿರಸ್ಕರಿಸುವಂತಿಲ್ಲ. ವಂಚನೆಯನ್ನು ಸಾಬೀತುಪಡಿಸಿದರೆ ಮಾತ್ರ ಬೇರೆ ಮಾತು. ಈ ಕಾಲ ಹಿಂದೆ ಎಂಟು ವರ್ಷವಿತ್ತು, ಈಗ ಐದು ವರ್ಷ, ಅಂದರೆ 60 ತಿಂಗಳು. ಹಳೆಯ ಪಾಲಿಸಿಗಳನ್ನೂ ಹೊಸ ನಿಯಮಕ್ಕೆ ಹೊಂದಿಸಲು ಕಂಪನಿಗಳಿಗೆ 2024ರ ಸೆಪ್ಟೆಂಬರ್ ಅಂತ್ಯದವರೆಗೆ ಗಡುವು ಇತ್ತು. ಹೀಗಾಗಿ 2025ರ ಫೆಬ್ರವರಿಯ ನವೀಕರಣದಲ್ಲಿ ನಿಮ್ಮ ಕೈಗೆ ಬಂದ ಪಾಲಿಸಿ ಪುಸ್ತಿಕೆಯಲ್ಲಿ 60 ತಿಂಗಳು ಎಂದೇ ಇರಬೇಕು. ತೆರೆದು ನೋಡಿ.

ಈಗ ಲೆಕ್ಕ ಹಾಕೋಣ. ನಿಮ್ಮ ಮೊದಲ 5 ಲಕ್ಷಕ್ಕೆ ಕಾಯುವ ಅವಧಿ ಹಳೆಯ ನಿಯಮದಲ್ಲೂ 2022ಕ್ಕೇ ಮುಗಿದಿದೆ. ಮೊರಟೋರಿಯಂ ಹಳೆಯ ನಿಯಮದಲ್ಲಿ 2026ರ ಫೆಬ್ರವರಿಗೆ ಮುಗಿಯಬೇಕಿತ್ತು, ಹೊಸ ನಿಯಮದಂತೆ 2023ಕ್ಕೇ ಮುಗಿದಂತಾಯಿತು. ಆದರೆ 2023ರಲ್ಲಿ ಏರಿಸಿದ 5 ಲಕ್ಷದ ಲೆಕ್ಕ ಬೇರೆ. ವಿಮಾ ಮೊತ್ತ ಹೆಚ್ಚಿಸಿದಾಗ ಹೆಚ್ಚಿದ ಭಾಗಕ್ಕೆ ಕಾಯುವ ಅವಧಿಯೂ ಮೊರಟೋರಿಯಂ ಅವಧಿಯೂ ಆ ದಿನದಿಂದ ಹೊಸದಾಗಿ ಶುರುವಾಗುತ್ತವೆ. ಆ ಭಾಗಕ್ಕೆ 36 ತಿಂಗಳು ತುಂಬುವುದು 2026ರ ಫೆಬ್ರವರಿಯಲ್ಲಿ. ಅಂದರೆ ಈ ನವೀಕರಣ ಆದ ದಿನದಿಂದ ಸಕ್ಕರೆ ಕಾಯಿಲೆಯಿಂದಾಗುವ ತೊಂದರೆಗಳಿಗೆ, ಅದು ಮೂತ್ರಪಿಂಡವಾಗಲಿ ಕಾಲಿನ ಗಾಯವಾಗಲಿ, ಪೂರ್ತಿ 10 ಲಕ್ಷದವರೆಗೆ ಕೇಳುವ ಹಕ್ಕು ನಿಮಗೆ ಬರುತ್ತದೆ. ಇಷ್ಟು ಕಾದವರು ಸರಿಯಾಗಿ ಈ ಹೊತ್ತಿನಲ್ಲಿ ಮನೆ ಬದಲಿಸುವ ಮಾತಾಡುತ್ತಿರುವುದು ನನಗೆ ಸರಿಕಾಣುವುದಿಲ್ಲ.

ಪತ್ನಿಯವರ ಬಿಪಿ ವಿಷಯ ಇದಕ್ಕಿಂತ ಸೂಕ್ಷ್ಮ. ಏಜೆಂಟರು ಬರೆಯಲಿಲ್ಲ ಎಂಬುದು ನಿಮ್ಮ ಮಟ್ಟಿಗೆ ನಿಜವಿರಬಹುದು, ಆದರೆ ಫಾರಂ ಕೆಳಗಿನ ಸಹಿ ನಿಮ್ಮದು. ಈಗಂತೂ ಏಜೆಂಟರು ಮೊಬೈಲಿನಲ್ಲೇ ಕಾಯಿಲೆಗಳ ಪಟ್ಟಿಯುದ್ದಕ್ಕೂ ‘ಇಲ್ಲ, ಇಲ್ಲ’ ಎಂದು ಒತ್ತಿಕೊಂಡು ಹೋಗಿ, ಕೊನೆಯಲ್ಲಿ ‘ಒಂದು ಓಟಿಪಿ ಬಂದಿರತ್ತೆ, ಹೇಳಿ ಸಾರ್’ ಎನ್ನುತ್ತಾರೆ. ಆ ಓಟಿಪಿಯೇ ಸಹಿ. ಮುಚ್ಚಿಟ್ಟದ್ದು ಹೊರಬರುವುದು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ. ಯಾವುದೋ ಕಾರಣಕ್ಕೆ ದಾಖಲಾದಾಗ ಪಾಳಿಯ ವೈದ್ಯರು ‘ಎಷ್ಟು ವರ್ಷದಿಂದ ಬಿಪಿ?’ ಎಂದು ಕೇಳುತ್ತಾರೆ, ನೀವು ಸಹಜವಾಗಿ ‘ಹತ್ತು ವರ್ಷದಿಂದ’ ಎನ್ನುತ್ತೀರಿ, ಕೇಸ್ ಶೀಟಿನಲ್ಲಿ ‘ಕೆ/ಸಿ/ಓ ಎಚ್‌ಟಿಎನ್, 10 ಇಯರ್ಸ್’, ಅಂದರೆ ಹತ್ತು ವರ್ಷದಿಂದ ಬಿಪಿ ಇರುವವರು, ಎಂಬ ಒಂದು ಸಾಲು ಬೀಳುತ್ತದೆ. ಕ್ಲೇಮು ಪರಿಶೀಲಿಸುವವರು ಮೊದಲು ಹುಡುಕುವುದು ಆ ಸಾಲನ್ನೇ. ಅದರ ಪಕ್ಕದಲ್ಲಿ ಪಾಲಿಸಿ ಆರಂಭವಾದ ದಿನಾಂಕವನ್ನು ಇಟ್ಟರೆ ಮುಗಿಯಿತು.

ನ್ಯಾಯಾಲಯಗಳು ಈ ವಿಷಯದಲ್ಲಿ ಎರಡೂ ಕಡೆಯ ಹೊಣೆಯನ್ನು ಎತ್ತಿಹಿಡಿದಿವೆ. ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ, ತೀವ್ರ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆಯನ್ನು ಮುಚ್ಚಿಟ್ಟು ಮಾಡಿಸಿದ ವಿಮೆಯ ಕ್ಲೇಮನ್ನು ತಿರಸ್ಕರಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅದೇ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಮನಮೋಹನ್ ನಂದಾ ಪ್ರಕರಣದಲ್ಲಿ ಗ್ರಾಹಕನ ಪರ ನಿಂತಿತು. ಅಮೆರಿಕಕ್ಕೆ ಹೊರಟಾಗ ಪ್ರಯಾಣದ ವೈದ್ಯಕೀಯ ವಿಮೆ ಮಾಡಿಸಿದ್ದ ಅವರಿಗೆ ಅಲ್ಲಿ ಇಳಿಯುತ್ತಲೇ ಹೃದಯಾಘಾತವಾಗಿ ಮೂರು ಸ್ಟೆಂಟ್ ಹಾಕಬೇಕಾಯಿತು. ಸಕ್ಕರೆ ಕಾಯಿಲೆ ಇರುವುದನ್ನು ಅವರು ಮೊದಲೇ ತಿಳಿಸಿದ್ದರು. ಗ್ರಾಹಕನ ಆರೋಗ್ಯಸ್ಥಿತಿಯನ್ನು ತಿಳಿದುಕೊಂಡು ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ಕಾರಣ ಮಾಡಿಕೊಂಡು ಕ್ಲೇಮು ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಈ ಎರಡು ತೀರ್ಪುಗಳ ನಡುವೆ ನಿಮ್ಮ ಮನೆಯ ಸ್ಥಿತಿಯೂ ಹಂಚಿಹೋಗಿದೆ: ನಿಮ್ಮ ಸಕ್ಕರೆ ಕಾಯಿಲೆ ಎರಡನೆಯದರ ನೆರಳಿನಲ್ಲಿದೆ, ಪತ್ನಿಯವರ ಬಿಪಿ ಮೊದಲನೆಯದರ ಅಂಚಿನಲ್ಲಿದೆ.

ಅಂಚಿನಲ್ಲಿ ಎಂದದ್ದಕ್ಕೆ ಕಾರಣವಿದೆ. ಮೊದಲ 5 ಲಕ್ಷದ ಮಟ್ಟಿಗೆ 60 ತಿಂಗಳು ದಾಟಿರುವುದರಿಂದ, ಬಿಪಿ ತಿಳಿಸಲಿಲ್ಲ ಎಂಬ ಆಕ್ಷೇಪವನ್ನು ಕಂಪನಿ ಎತ್ತುವುದು ಈಗ ಕಷ್ಟ. 2023ರಲ್ಲಿ ಏರಿಸಿದ 5 ಲಕ್ಷಕ್ಕೆ ಆ ರಕ್ಷಣೆ ಬರುವುದು 2028ರ ಫೆಬ್ರವರಿಗೆ. ಏರಿಸುವಾಗ ಆರೋಗ್ಯದ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಟ್ಟಿದ್ದರೆ ಆ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸುಮ್ಮನಿರುವುದಕ್ಕಿಂತ, ನವೀಕರಣಕ್ಕೆ ಮೊದಲೇ ಕಂಪನಿಗೆ ಇ-ಮೇಲ್ ಮೂಲಕ ಬಿಪಿ ವಿಷಯವನ್ನು ತಿಳಿಸಿಬಿಡಿ. ಯಾವ ವರ್ಷದಿಂದ, ಯಾವ ಮಾತ್ರೆ ಎಂಬುದನ್ನೂ ಬರೆಯಿರಿ. ಇದರಿಂದ ತೊಂದರೆಯೇ ಆಗದು ಎಂದು ನಾನು ಹೇಳುವುದಿಲ್ಲ. ಏರಿಸಿದ ಭಾಗಕ್ಕೆ ಹೆಚ್ಚುವರಿ ಪ್ರೀಮಿಯಂ ಕೇಳಬಹುದು, ಬಿಪಿಗೆ ಸಂಬಂಧಿಸಿದ ಚಿಕಿತ್ಸೆಗೆ ಇನ್ನಷ್ಟು ಕಾಲ ಕಾಯಿಸಬಹುದು. ಆದರೂ ಪಾರ್ಶ್ವವಾಯು ಹೊಡೆದು ಐಸಿಯುನಲ್ಲಿ ಮಲಗಿದ ದಿನ ಈ ತಕರಾರು ಏಳುವುದಕ್ಕಿಂತ ಈಗಲೇ ಎದ್ದು ಇತ್ಯರ್ಥವಾಗುವುದು ಮೇಲು.

ಈಗ ಕಂಪನಿ ಬದಲಿಸುವ ವಿಚಾರ. ಪೋರ್ಟಿಂಗ್, ಅಂದರೆ ಈಗಾಗಲೇ ಕಾದ ಕಾಲದ ಮನ್ನಣೆ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದು, ಮೊಬೈಲ್ ನಂಬರು ಉಳಿಸಿಕೊಂಡು ಸಿಮ್ ಬದಲಿಸಿದಷ್ಟೇ ಸಲೀಸು ಎಂಬ ಕಲ್ಪನೆ ಜನರಲ್ಲಿದೆ. ಸಿಮ್ ಕೊಡುವವರು ನಿಮ್ಮ ರಕ್ತದ ವರದಿ ಕೇಳುವುದಿಲ್ಲ. ವಿಮಾ ಕಂಪನಿ ಕೇಳುತ್ತದೆ. ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ನಿಮ್ಮ ಲೆಕ್ಕದಲ್ಲಿ ಅದು ಡಿಸೆಂಬರ್ 27. ಹಳೆಯ ಕಂಪನಿ 72 ಗಂಟೆಯೊಳಗೆ ನಿಮ್ಮ ಪಾಲಿಸಿ ಮತ್ತು ಕ್ಲೇಮಿನ ಇತಿಹಾಸವನ್ನು ಹೊಸ ಕಂಪನಿಗೆ ಒದಗಿಸಬೇಕು, ಹೊಸ ಕಂಪನಿ ಆನಂತರ ಐದು ದಿನದೊಳಗೆ ತನ್ನ ತೀರ್ಮಾನ ತಿಳಿಸಬೇಕು. ಆ ತೀರ್ಮಾನ ‘ಆಗುವುದಿಲ್ಲ’ ಎಂದೂ ಇರಬಹುದು. ಪೋರ್ಟಿಂಗ್ ಕೇಳುವುದು ನಿಮ್ಮ ಹಕ್ಕು, ಆದರೆ ಒಪ್ಪಿಕೊಳ್ಳುವುದು ಹೊಸ ಕಂಪನಿಯ ವಿವೇಚನೆಗೆ ಬಿಟ್ಟದ್ದು. 62ರ ವಯಸ್ಸು, ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ ಎಂದರೆ ವೈದ್ಯಕೀಯ ತಪಾಸಣೆಗೆ ಕರೆಯುವುದು ಬಹುತೇಕ ಖಚಿತ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಇಸಿಜಿ ನೋಡಿಯೇ ಮುಂದಿನ ಮಾತು. ತಿರಸ್ಕಾರವಾದರೆ ಅದೂ ದಾಖಲೆಯಾಗಿ ಉಳಿಯುತ್ತದೆ: ‘ಹಿಂದೆ ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ನಿರಾಕರಿಸಿದೆಯೇ?’ ಎಂಬ ಪ್ರಶ್ನೆ ಮುಂದಿನ ಫಾರಂಗಳಲ್ಲಿ ಇರುತ್ತದೆ.

ಹಳೆಯ ಕಂಪನಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ವಂಚನೆಯಂತಹ ಕಾರಣಗಳಿಲ್ಲದೆ ಅದು ನಿಮ್ಮ ನವೀಕರಣವನ್ನು ನಿರಾಕರಿಸುವಂತಿಲ್ಲ. ಹಿಂದಿನ ವರ್ಷ ಕ್ಲೇಮು ಮಾಡಿದ್ದೀರಿ ಎಂಬುದೂ ಕಾರಣವಾಗುವುದಿಲ್ಲ. ಮೊತ್ತ ಏರಿಸದಿದ್ದರೆ ಹೊಸದಾಗಿ ತಪಾಸಣೆಗೂ ಕರೆಯುವಂತಿಲ್ಲ. ಕಾಯಿಲೆ ಇರುವವನಿಗೆ ವಿಮೆಯಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ.

ಹೊಸ ಕಂಪನಿ ಒಪ್ಪಿಕೊಂಡಿತು ಎಂದೇ ಇಟ್ಟುಕೊಳ್ಳಿ. ಆಗ ನೀವು ಈಗಾಗಲೇ ಕಾದಿರುವ ಕಾಲಕ್ಕೆ ಮನ್ನಣೆ ಸಿಗುವುದು ಹಳೆಯ ವಿಮಾ ಮೊತ್ತ ಮತ್ತು ಕ್ಲೇಮಿಲ್ಲದ ವರ್ಷಗಳಿಗಾಗಿ ಅದರ ಮೇಲೆ ಕೂಡಿದ ಬೋನಸ್ಸಿನವರೆಗೆ ಮಾತ್ರ. ಏಜೆಂಟರು ಹೇಳುವ 25 ಲಕ್ಷದಲ್ಲಿ ಸುಮಾರು 10 ಲಕ್ಷಕ್ಕೆ ನಿಮ್ಮ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಉಳಿದ ಭಾಗಕ್ಕೆ ಸಕ್ಕರೆ ಕಾಯಿಲೆಯ ಗಡಿಯಾರ ಮತ್ತೆ ಸೊನ್ನೆಯಿಂದ. ಪತ್ನಿಯವರ ವಿಷಯದಲ್ಲಂತೂ, ಹೊಸ ಫಾರಂನಲ್ಲಿ ನೀವು ಬಿಪಿಯನ್ನು 2016ರಿಂದ ಎಂದು ಬರೆಯಲೇಬೇಕು. ಹಳೆಯ ಕಂಪನಿಯಿಂದ ಬರುವ ದಾಖಲೆಯಲ್ಲಿ ಬಿಪಿ ಇರುವುದಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಬಂದಾಗ, ತಿಳಿಸದೇ ಇದ್ದ ಕಾಯಿಲೆಗೆ ಕಾದ ಕಾಲದ ಮನ್ನಣೆ ಏಕೆ ಕೊಡಬೇಕು ಎಂಬ ತಕರಾರಿಗೆ ನೀವೇ ಬಾಗಿಲು ತೆರೆದಂತಾಗುತ್ತದೆ. ಹಾಗೆಂದು ಈ ಸಲವೂ ಬರೆಯದೆ ಬಿಟ್ಟರೆ ಅದು ಮರೆವಲ್ಲ, ತಿಳಿದೂ ತಿಳಿದೂ ಮುಚ್ಚಿಟ್ಟದ್ದು. ಮೊರಟೋರಿಯಂ ಕೂಡ ವಂಚನೆಯನ್ನು ಕಾಯುವುದಿಲ್ಲ.

‘ಮೊದಲ ದಿನದಿಂದಲೇ’ ಎಂಬ ಮಾತನ್ನು ಪೂರ್ತಿ ಸುಳ್ಳು ಎನ್ನಲಾರೆ. ಹೆಚ್ಚು ಪ್ರೀಮಿಯಂ ತೆಗೆದುಕೊಂಡು ಸಕ್ಕರೆ ಕಾಯಿಲೆ, ಬಿಪಿ, ಅಸ್ತಮಾದಂತಹ ಕೆಲವು ಹೆಸರಿಸಿದ ಕಾಯಿಲೆಗಳಿಗೆ ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸುವ ಪಾಲಿಸಿಗಳು ಮಾರುಕಟ್ಟೆಯಲ್ಲಿವೆ. ಆದರೆ ಅದು ಆ ಕಂಪನಿಯ ಯೋಜನೆಯೇ ಹೊರತು ಹೊಸ ನಿಯಮ ಕೊಟ್ಟ ಹಕ್ಕಲ್ಲ. ನಿಯಮ ಹೇಳಿರುವುದು 36 ತಿಂಗಳು ಮೀರಬಾರದು ಎಂದಷ್ಟೇ. ಅಂಥ ಪಾಲಿಸಿ ಕೈಗೆ ಬಂದರೆ ಜಾಹೀರಾತಿನ ಹಾಳೆಯನ್ನು ಬದಿಗಿಟ್ಟು ಪಾಲಿಸಿಯ ಷರತ್ತುಗಳಲ್ಲಿ ಕೋ-ಪೇ, ಅಂದರೆ ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು, ಎಷ್ಟು ಎಂದು ನೋಡಿ. ಶೇ. 20ರ ಕೋ-ಪೇ ಇದ್ದರೆ, 6 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ 20 ಸಾವಿರ ನಿಮ್ಮ ಕೈಯಿಂದಲೇ. ಕೋಣೆ ಬಾಡಿಗೆಗೆ ಮಿತಿ ಇದೆಯೇ, ಕಣ್ಣಿನ ಪೊರೆ ಮತ್ತು ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಗೆ ಬೇರೆಯೇ ಕಾಯುವ ಅವಧಿ ಇದೆಯೇ ಎಂಬುದನ್ನೂ ನೋಡಬೇಕು. ಕೆಲವೊಮ್ಮೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯನ್ನು ಶಾಶ್ವತವಾಗಿ ಹೊರಗಿಟ್ಟು ಪಾಲಿಸಿ ಕೊಡುತ್ತೇವೆ ಎಂದು ಒಪ್ಪಿಗೆಗೆ ಸಹಿ ಕೇಳುತ್ತಾರೆ. ಸಕ್ಕರೆ ಕಾಯಿಲೆಯವರು ಅಂಥ ಕಾಗದಕ್ಕೆ ಸಹಿ ಹಾಕಿದರೆ ವಿಮೆಯಲ್ಲಿ ಉಳಿಯುವುದು ಅತ್ಯಲ್ಪ.

ದೊಡ್ಡ ಮೊತ್ತವೇ ಬೇಕು ಎಂದಾದರೆ, ಈಗಿನ 10 ಲಕ್ಷವನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ 10 ಲಕ್ಷದ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್ ಪಾಲಿಸಿಯನ್ನು, ಅಂದರೆ ವರ್ಷದ ಖರ್ಚು 10 ಲಕ್ಷ ದಾಟಿದ ಮೇಲಿನ ಭಾಗವನ್ನು ಮಾತ್ರ ಕೊಡುವ ಪಾಲಿಸಿಯನ್ನು, ವಿಚಾರಿಸಿ. ಅದಕ್ಕೂ ಕಾಯುವ ಅವಧಿ ಉಂಟು, ತಪಾಸಣೆಯೂ ಇರಬಹುದು. ಆದರೆ ಪ್ರೀಮಿಯಂ ಕಡಿಮೆ, ಮತ್ತು ಅರ್ಜಿ ತಿರಸ್ಕಾರವಾದರೂ ನಿಮ್ಮ ಮೂಲ ಪಾಲಿಸಿಗೆ ಪೆಟ್ಟು ಬೀಳುವುದಿಲ್ಲ.

ಇನ್ನು ನಿಮ್ಮ ನೋಟಿಸಿನ ಅಂಕಿಗಳು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ತೆಗೆದದ್ದು ನಿಜ. ಕಳೆದ ವರ್ಷ ನೀವು ಕಟ್ಟಿದ 41,300ರಲ್ಲಿ ಮೂಲ ಪ್ರೀಮಿಯಂ 35,000, ತೆರಿಗೆ 6,300. ಈ ವರ್ಷ ತೆರಿಗೆ ಇಲ್ಲದೆಯೇ 42,000 ಕೇಳಿದ್ದಾರೆ ಎಂದರೆ, ಹೆಚ್ಚಳ 700 ರೂಪಾಯಿ ಅಲ್ಲ, 7,000 ರೂಪಾಯಿ. ಮೂಲ ಪ್ರೀಮಿಯಂ ಶೇ. 20ರಷ್ಟು ಏರಿದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲೇ ತನ್ನೊಡನೆ ಸಮಾಲೋಚಿಸಬೇಕೆಂದು ಐಆರ್‌ಡಿಎಐ 2025ರ ಜನವರಿ 30ರಂದು ಕಂಪನಿಗಳಿಗೆ ಸೂಚಿಸಿದೆ. ಹಾಗೆ ಸಮಾಲೋಚಿಸಿರದಿದ್ದರೆ ನಿಮ್ಮದು 38,500ಕ್ಕೆ ನಿಲ್ಲಬೇಕಿತ್ತು. ವಯಸ್ಸಿನ ಹೊಸ ಸ್ತರಕ್ಕೆ ಬಂದಿದ್ದೀರಿ ಎಂದು ಕಂಪನಿ ಸಮಜಾಯಿಷಿ ಕೊಡಬಹುದು. ಏನೇ ಕೊಡಲಿ, ಯಾವ ಆಧಾರದ ಮೇಲೆ ಎಂಬುದನ್ನು ಬರಹದಲ್ಲಿ ಕೇಳಿ. ಉತ್ತರಕ್ಕೆ ಕಾಯುತ್ತಾ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ವಾರ್ಷಿಕ ಕಂತಿಗೆ 30 ದಿನದ ರಿಯಾಯಿತಿ ಅವಧಿ ಇದೆ, ಅದರೊಳಗೆ ಕಟ್ಟಿದರೆ ಹಳೆಯ ವರ್ಷಗಳು ಉಳಿಯುತ್ತವೆ. ಆದರೆ ಕಟ್ಟದೆ ಇದ್ದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ರಕ್ಷಣೆ ಇರುವುದಿಲ್ಲ. 30 ದಿನವೂ ದಾಟಿದರೆ ಎಂಟು ವರ್ಷಗಳ ಕಾಯುವಿಕೆ ನೀರಿನಲ್ಲಿ ಹೋಮ.

ಮಗನ ಕಂಪನಿಯ ವಿಮೆ ಇರುವಷ್ಟು ದಿನ ಧಾರಾಳವಾಗಿ ಬಳಸಿಕೊಳ್ಳಿ. ಗುಂಪು ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಕಾಯುವ ಅವಧಿಯೇ ಇರುವುದಿಲ್ಲ. ಸಣ್ಣಪುಟ್ಟ ದಾಖಲಾತಿಗೆ ಅದನ್ನೇ ಮುಂದೆ ಮಾಡಿದರೆ ನಿಮ್ಮ ಪಾಲಿಸಿಯ ಬೋನಸ್ಸೂ ಉಳಿಯುತ್ತದೆ. ಆದರೆ ಅದನ್ನು ನಂಬಿ ಸ್ವಂತದ್ದನ್ನು ಬಿಡುವುದು ಬೇಡ. ಮಗ ಕೆಲಸ ಬಿಟ್ಟ ದಿನ, ಇಲ್ಲವೇ ತಂದೆತಾಯಿಗಳನ್ನು ಪಟ್ಟಿಯಿಂದ ಕೈಬಿಡಬೇಕೆಂದು ಆ ಕಂಪನಿ ತೀರ್ಮಾನಿಸಿದ ದಿನ, ಅದು ಮುಗಿಯುತ್ತದೆ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ದಾಟಿಕೊಳ್ಳಲು ಅವಕಾಶವಿದೆ ಎಂಬುದು ನೆನಪಿರಲಿ. ಸ್ವಂತ ಪಾಲಿಸಿ ಇಲ್ಲದವರಿಗೆ ಅದು ದೊಡ್ಡ ಆಸರೆ.

ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿಯೂ ಹಳೆಯ ಕಾಯಿಲೆಗೆ ಕಾಯುವ ಅವಧಿ ಇಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ದೊರೆಯುತ್ತದೆ. ಎಪಿಎಲ್ ಕುಟುಂಬವಾದರೆ ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಕಾರ್ಡು ಮಾಡಿಸಿಟ್ಟುಕೊಳ್ಳಿ, ಅದರ ಮೇಲೆಯೇ ಭಾರ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ಹೊಸ ಕಂಪನಿಗೇ ಹೋಗಬೇಕು ಅನಿಸಿದರೆ, ಅವರ ಒಪ್ಪಿಗೆ ಬರಹದಲ್ಲಿ ಬರುವವರೆಗೆ, ಅದರಲ್ಲಿ ಮನ್ನಣೆ ಕೊಟ್ಟ ವರ್ಷಗಳೂ ಇಬ್ಬರ ಕಾಯಿಲೆಗಳ ಹೆಸರೂ ನಮೂದಾಗಿರುವುದನ್ನು ಕಣ್ಣಾರೆ ನೋಡುವವರೆಗೆ, ಹಳೆಯದನ್ನು ಬಿಡಬೇಡಿ. ಫೆಬ್ರವರಿ 10 ಹತ್ತಿರ ಬಂದರೂ ಉತ್ತರ ಬಾರದಿದ್ದರೆ ಹಳೆಯ ಕಂಪನಿಗೇ ಕಟ್ಟಿಬಿಡಿ. ಪೋರ್ಟಿಂಗ್ ಅವಕಾಶ ಮುಂದಿನ ವರ್ಷವೂ ಇರುತ್ತದೆ. ಪ್ರೀಮಿಯಂ ಬಗ್ಗೆಯೋ ಮುಂದೆ ಎಂದಾದರೂ ಕ್ಲೇಮಿನ ಬಗ್ಗೆಯೋ ಕಂಪನಿಯ ಉತ್ತರ ಸಮಾಧಾನ ತಾರದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅದೂ ಫಲಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ವ್ಯಾಜ್ಯವನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಕೇಳುತ್ತಾರೆ. ಕಂಪನಿ ನಿಮ್ಮ ದೂರನ್ನು ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಆದ್ದರಿಂದ ಬಿಪಿ ಬಗ್ಗೆ ಈಗ ಕಳಿಸುವ ಇ-ಮೇಲಿನಿಂದ ಹಿಡಿದು ಎಲ್ಲ ಪತ್ರವ್ಯವಹಾರವನ್ನೂ ದಿನಾಂಕ ಸಹಿತ ಮುದ್ರಿಸಿ, 2018ರ ಮೊದಲ ಪಾಲಿಸಿಯೊಂದಿಗೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಮತ್ತು ಆ ಫೈಲು ಎಲ್ಲಿದೆ ಎಂಬುದು ಪತ್ನಿಯವರಿಗೂ ಮಗನಿಗೂ ತಿಳಿದಿರಲಿ.